ಬೋರಲು ಮಲಗಿದ ಸೊಸೆ

“ನಿಲ್ಲಿಸೇ... ನಿಲ್ಲಿಸು! ಅಯ್ಯೋ, ಎಂಥಾ ಕೆಲಸ ಮಾಡಿಬಿಟ್ಟೆ!”

ಕುಷನ್ ಅಂಗಡಿಯ ಯಜಮಾನಿ ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡಾಗ ಕತ್ತರಿ ಆಗಲೇ ಮಖಮಲ್ಲಿನ ನಟ್ಟನಡುವೆ ಹಾದುಹೋಗಿತ್ತು. ಸೀಮೆಸುಣ್ಣದ ಗೆರೆ ಒಂದು ಕಡೆ, ಕತ್ತರಿ ಹೋದ ದಾರಿ ಇನ್ನೊಂದು ಕಡೆ! ನಾಟಕಮಂದಿರದ ಕುರ್ಚಿಗಳಿಗೆಂದು ತರಿಸಿದ ದಟ್ಟ ಕೆಂಪು ಬಟ್ಟೆ ಅದು. ತಿದ್ದಿ ಹೊಲಿಯುವುದಕ್ಕೂ ಬಾರದಂತೆ ಸೀಳಿಹೋಗಿತ್ತು. ಸೊಸೆ ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅತ್ತೆಯ ಕೂಗು ಅವಳ ಕಿವಿಗೆ ಬಿದ್ದಂತೆಯೇ ಇರಲಿಲ್ಲ. ದಪ್ಪ ಕನ್ನಡಕ ತೆಗೆದು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಎದುರಿನ ಬಾಗಿಲನ್ನು ನೋಡಿದಳು. ಕೈ ತೆಗೆದಳು. ಮತ್ತೆ ಮುಚ್ಚಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

“ಅತ್ತೆ... ಬಲಗಣ್ಣಲ್ಲಿ ಏನೂ ಕಾಣ್ತಿಲ್ಲ. ನಿಮ್ಮ ಮುಖಾನೂ ಕಾಣ್ತಿಲ್ಲ...”

ಬಾಯಿಗೆ ಬಂದಿದ್ದ ಮುಂದಿನ ಬೈಗುಳವನ್ನು ಅತ್ತೆ ಅಲ್ಲೇ ನುಂಗಿಕೊಂಡಳು. ಯಾಕೆಂದರೆ ಆ ಕ್ಷಣದಲ್ಲಿ ಅವಳಿಗೊಂದು ಸಂಗತಿ ನೆನಪಾಯಿತು.

ಈ ಅತ್ತೆಯನ್ನು ಬೀದಿಯವರು ಸೂಜಿಯಮ್ಮ ಎಂದೇ ಕರೆಯುತ್ತಿದ್ದರು. ಸೂಜಿ ಸದಾ ಅವಳ ಕೈಯಲ್ಲಿರುತ್ತೆ ಅನ್ನುವವರು ಕೆಲವರು. ಅಲ್ಲ, ನಾಲಿಗೆಯಲ್ಲಿರುತ್ತೆ ಅನ್ನುವವರು ಉಳಿದವರು. ಗಂಡ ಸಣ್ಣ ವಯಸ್ಸಿಗೇ ಕಣ್ಣು ಮುಚ್ಚಿದ ಮೇಲೆ ಹರಿದ ಸೋಫಾಗಳನ್ನು ಬಿಚ್ಚಿ, ಸ್ಪ್ರಿಂಗು ಕಟ್ಟಿ, ಫೋಮು ತುಂಬಿ, ಒಬ್ಬನೇ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಕೆಳಗೆ ಅಂಗಡಿ, ಮೇಲೆ ಮನೆ. ನಡುವಿನ ಮರದ ಮೆಟ್ಟಿಲೇ ಅವಳ ಲೋಕ. ಮಗ ದೂರದ ಊರುಗಳಿಗೆ ಬಸ್ಸು ಓಡಿಸುತ್ತಿದ್ದ. ಹೋದರೆ ದಿನಗಟ್ಟಲೆ ಮನೆಗೆ ಬರುವ ಹಾಗಿರಲಿಲ್ಲ. ಅಂಥವನು ಒಂದು ದಿನ ತಾನಾಗಿಯೇ ಮೆಚ್ಚಿ, ಸೀಸೆಯ ತಳದಂಥ ಕನ್ನಡಕದ ಹುಡುಗಿಯನ್ನು ಮದುವೆಯಾಗಿ ಕರೆತಂದಾಗ ತಾಯಿಯ ಎದೆಯಲ್ಲಿ ಏನೋ ಮುರಿದಿತ್ತು. ಅಂದಿನಿಂದ ಸೊಸೆಗೆ ಆ ಮನೆಯಲ್ಲಿ ಹೆಸರೇ ಇಲ್ಲ. “ಏ ಸೋಡಾಬುಡ್ಡಿ!” ಎಂದರೆ ಅವಳು ಬರಬೇಕು. ಅವಳೂ ಬರುತ್ತಿದ್ದಳು. ನಗುತ್ತಲೇ ಬರುತ್ತಿದ್ದಳು.

ನಾಟಕಮಂದಿರದ ಕೆಲಸ ಹಿಡಿದ ಮೊದಲಲ್ಲೇ ಅವಳು ಹೇಳಿದ್ದಳು. “ಅತ್ತೆ, ಕಣ್ಣಲ್ಲಿ ಮಿಂಚು ಹೊಡೆದ ಹಾಗಾಗ್ತಿದೆ. ಕಪ್ಪು ಚುಕ್ಕೆಗಳು ಮಳೆ ಹುಯ್ದ ಹಾಗೆ ಉದುರ್ತಿವೆ. ಒಂದ್ಸಲ ಡಾಕ್ಟರಿಗೆ ತೋರಿಸಿಕೊಂಡು ಬರ್ಲಾ?”

“ಕೆಲಸ ಅಂದ ಕೂಡಲೇ ನಿನಗೆ ಮಿಂಚು, ಗುಡುಗು, ಮಳೆ ಎಲ್ಲಾ ಬರುತ್ತೆ! ಕುರ್ಚಿಗಳು ಮುಗೀಲಿ, ಆಮೇಲೆ ಬೇಕಾದಷ್ಟು ತೋರಿಸಿಕೋ.”

ಕೆಲವು ದಿನ ಬಿಟ್ಟು ಇನ್ನೊಮ್ಮೆ ಬಂದಿದ್ದಳು. ಕಣ್ಣಿನ ಮೂಲೆಯಲ್ಲಿ ಕರೀ ಪರದೆಯೊಂದು ಇಳಿದ ಹಾಗಿದೆ ಎಂದಿದ್ದಳು. ಆಗ ಸೂಜಿಯಮ್ಮ ತಲೆ ಎತ್ತಿಯೂ ನೋಡಿರಲಿಲ್ಲ. “ಪರದೆ ಇರೋದು ನಾಟಕಮಂದಿರದಲ್ಲಿ, ನಿನ್ನ ಕಣ್ಣಲ್ಲಲ್ಲ. ಹೋಗು, ಗೆರೆ ಹಾಕು!” ಅವಳು ಹೋಗಿ ಗೆರೆ ಹಾಕಿದ್ದಳು. ಅಷ್ಟೇ! ಎರಡು ಸಲ ಬಾಯಿಬಿಟ್ಟು ಕೇಳಿದವಳು ಮೂರನೆಯ ಸಲ ಕೇಳಿರಲಿಲ್ಲ.

ಮಗ ಸುದ್ದಿ ತಿಳಿದು ಬಸ್ಸನ್ನು ಇನ್ನೊಬ್ಬ ಚಾಲಕನಿಗೆ ಒಪ್ಪಿಸಿ ನೇರವಾಗಿ ಕಣ್ಣಾಸ್ಪತ್ರೆಗೆ ಓಡಿಬಂದ. ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಹಣೆಗೆ ದೀಪ ಕಟ್ಟಿಕೊಂಡು, ಸೊಸೆಯ ಕಣ್ಣಿನೊಳಗೆ ಬಹಳ ಹೊತ್ತು ಇಣುಕಿ, ಕೊನೆಗೆ ದೀಪ ಆರಿಸಿ ಕುಳಿತರು.

“ಕಣ್ಣಿನ ಒಳಗೋಡೆಗೆ ತೆಳ್ಳಗಿನ ಪೊರೆಯೊಂದು ಅಂಟಿಕೊಂಡಿರುತ್ತೆ. ನಾವು ರೆಟಿನಾ ಅಂತೀವಿ. ನೋಡಿದ್ದೆಲ್ಲ ಮೂಡೋದು ಅದರ ಮೇಲೇ. ಇವರಿಗೆ ಅದು ದೊಡ್ಡದಾಗಿ ಹರಿದು ಗೋಡೆ ಬಿಟ್ಟು ಕಳಚಿದೆ. ಬಿಟ್ಟ ಪೊರೆ ಮುದುಡಿ, ಅಲ್ಲಲ್ಲಿ ಗಂಟು ಬಿದ್ದಿದೆ. ಎಷ್ಟು ದಿನದಿಂದ ತೊಂದರೆ ಇತ್ತು? ಮಿಂಚು ಕಾಣಿಸಲಿಲ್ವಾ?”

ಸೂಜಿಯಮ್ಮ ಪಕ್ಕದ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಹೇಳುತ್ತಾಳೆ... ಈಗ ಹೇಳಿಯೇ ಹೇಳುತ್ತಾಳೆ... ಮಗ ತಿರುಗಿ ನನ್ನ ಮುಖ ನೋಡುತ್ತಾನೆ...

“ಕಾಣಿಸ್ತಿತ್ತು,” ಎಂದಳು ಸೊಸೆ. “ನಾನೇ ಉದಾಸೀನ ಮಾಡಿದೆ.”

“ಉದಾಸೀನ ಮಾಡಿದೆಯಾ?” ಮಗ ಸಿಡಿದೆದ್ದ. “ನಾನಿರಲಿಲ್ಲ ಸರಿ. ಅಮ್ಮ ಮನೇಲೇ ಇದ್ದರಲ್ಲ! ಅವರಿಗೆ ಒಂದು ಮಾತು ಹೇಳೋಕೆ ಏನಾಗಿತ್ತು?”

“ಅತ್ತೆಗೆ ಕೆಲಸದ ಗಡಿಬಿಡಿ ಇತ್ತು. ಹೇಳಲಿಲ್ಲ.”

“ತಲೆ ಇದೆಯಾ ನಿನಗೆ? ಸಣ್ಣ ಮಗುವಾ ನೀನು? ಕಣ್ಣು ಕಣೇ ಅದು, ಕಣ್ಣು!” ಗಂಡನ ದನಿ ಹೊರಗೆ ಸಾಲಿನಲ್ಲಿ ಕುಳಿತವರಿಗೂ ಕೇಳಿಸಿತು. ಸೊಸೆ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಸಿಕೊಂಡಳು. ಸೂಜಿಯಮ್ಮನ ತುಟಿ ಎರಡು ಸಲ ತೆರೆಯಿತು. ಊರಿಗೆಲ್ಲ ಚುಚ್ಚುವ ಆ ನಾಲಿಗೆ... ಆ ದಿನ, ಆಡಲೇಬೇಕಾದ ಒಂದೇ ಒಂದು ಮಾತಿಗೆ ಮೇಲೇಳಲಿಲ್ಲ!

ಡಾಕ್ಟರ್ ನಿಧಾನವಾಗಿ ಬಿಡಿಸಿ ಹೇಳಿದರು. ಕಣ್ಣೊಳಗಿನ ಲೋಳೆಯನ್ನು ತೆಗೆದು, ಮುದುಡಿದ ಪೊರೆಯನ್ನು ಹರಡಿ ಕೂರಿಸಿ, ಹರಿದ ಅಂಚನ್ನು ಲೇಸರ್‌ನಿಂದ ಬೆಸೆಯಬೇಕು. ಆಮೇಲೆ ಕಣ್ಣಿಗೆ ಸಿಲಿಕೋನ್ ಎಣ್ಣೆ ತುಂಬಬೇಕು.

“ಎಣ್ಣೇನಾ? ಕಣ್ಣಿಗಾ?” ಸೂಜಿಯಮ್ಮ ಬೆಚ್ಚಿಬಿದ್ದು ಕೇಳಿದಳು.

“ಅಡುಗೆ ಎಣ್ಣೆ ಅಲ್ಲಮ್ಮ,” ಡಾಕ್ಟರ್ ಸಣ್ಣಗೆ ನಕ್ಕರು. “ಇದು ನೀರಿನಷ್ಟು ತಿಳಿಯಾಗಿರುತ್ತೆ, ಆದರೆ ಮಂದ. ಎಷ್ಟೋ ಜನಕ್ಕೆ ಗ್ಯಾಸ್ ತುಂಬಿದರೆ ಸಾಕಾಗುತ್ತೆ. ಅದು ಕೆಲವು ವಾರದಲ್ಲಿ ತಾನಾಗಿ ಕರಗಿಹೋಗುತ್ತೆ. ಇವರ ಕಣ್ಣಿಗೆ ಅಷ್ಟು ಸಾಲದು. ಪೊರೆ ಅಂಟೋವರೆಗೆ ತಿಂಗಳುಗಟ್ಟಲೆ ಒಳಗಿಂದ ಒತ್ತಿ ಹಿಡಿಯೋಕೆ ಏನಾದರೂ ಬೇಕು. ಆ ಕೆಲಸ ಎಣ್ಣೆ ಮಾಡುತ್ತೆ. ಆದರೆ ಅದು ತಾನಾಗಿ ಹೋಗಲ್ಲ, ಇನ್ನೊಂದು ಆಪರೇಷನ್ ಮಾಡಿ ನಾವೇ ತೆಗೀಬೇಕು. ಇನ್ನೊಂದು ಮುಖ್ಯ ವಿಷಯ. ಎಣ್ಣೆ ಮೇಲಕ್ಕೆ ತೇಲುತ್ತೆ. ಪೊರೆ ಇರೋದು ಕಣ್ಣಿನ ಹಿಂದೆ. ಹಾಗಾಗಿ ಶುರುವಿನಲ್ಲಿ ಇವರು ಮುಖ ಕೆಳಗೆ ಮಾಡಿಯೇ ಇರಬೇಕು. ಕೂತರೂ ಅಷ್ಟೇ, ಮಲಗಿದರೂ ಅಷ್ಟೇ, ಬೋರಲು. ಅಂಗಾತ ಮಲಗೋ ಹಾಗೇ ಇಲ್ಲ.”

“ದೃಷ್ಟಿ ವಾಪಸ್ ಬರುತ್ತಾ ಡಾಕ್ಟ್ರೇ?” ಮಗ ಕೇಳಿದ.

“ಕಣ್ಣನ್ನ ಉಳಿಸೋಕೆ ನೋಡ್ತೀವಿ. ಎಷ್ಟು ಕಾಣುತ್ತೆ ಅಂತ ಮಾತು ಕೊಡೋಕಾಗಲ್ಲ. ಆ ಮಿಂಚು ಕಂಡಾಗಲೇ ಬಂದಿದ್ದರೆ...” ಡಾಕ್ಟರ್ ಮಾತು ಅಲ್ಲಿಗೇ ಬಿಟ್ಟರು. ಎಡಗಣ್ಣಿನ ಪೊರೆಯೂ ಅಲ್ಲಲ್ಲಿ ತೆಳುವಾಗಿತ್ತಂತೆ. ಅದಕ್ಕೂ ಮುಂಜಾಗ್ರತೆಯಾಗಿ ಲೇಸರ್ ಹಾಕಿದರು.

ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಬಗ್ಗಿಸಿಕೊಂಡೇ ಸೊಸೆ ಮನೆಯ ಮರದ ಮೆಟ್ಟಿಲು ಹತ್ತಿದಳು. ಮಗನಿಗೆ ಹೆಚ್ಚು ರಜೆ ಸಿಗಲಿಲ್ಲ. ಹೊರಡುವ ಬೆಳಗ್ಗೆ ಅವನು ತಾಯಿಯ ಮುಂದೆ ಬಂದು ನಿಂತು, ಅನುಮಾನದಲ್ಲೇ ಕೇಳಿದ: “ನೀನು... ನೋಡ್ಕೋತೀಯಾ ಅಮ್ಮ?”

“ನೋಡ್ಕೋತೀನಿ,” ಎಂದಳು ಸೂಜಿಯಮ್ಮ.

ಬೋರಲು ಮಲಗುವುದೆಂದರೆ ಸುಮ್ಮನೆ ಆಡುವ ಮಾತಲ್ಲ. ದಿಂಬಿನಲ್ಲಿ ಮುಖ ಹುದುಗಿಸಿದರೆ ಉಸಿರು ಕಟ್ಟುತ್ತಿತ್ತು. ದಿಂಬು ತೆಗೆದರೆ ಹಣೆ ನೋಯುತ್ತಿತ್ತು. ಮೇಜಿನ ಮೇಲೆ ತೋಳು ಮಡಿಸಿ ಕೂತರೆ ಕತ್ತು ಕಲ್ಲಾಗುತ್ತಿತ್ತು. ಸೊಸೆಗೆ ಕಾಣುವುದೆಂದರೆ ನೆಲ, ನೆಲದ ಮೇಲೆ ಓಡಾಡುವ ಅತ್ತೆಯ ಪಾದ, ಅಷ್ಟೇ. ಒಂದು ಮಧ್ಯಾಹ್ನ ಸೂಜಿಯಮ್ಮ ಸಾರು ತುಂಬಿದ ಲೋಟ ಹಿಡಿದು ಕೋಣೆಗೆ ಬಂದಾಗ ಸೊಸೆಯ ಮುಖದ ಕೆಳಗೆ ನೆಲ ಒದ್ದೆಯಾಗಿತ್ತು. ಒಂದು ಸದ್ದಿಲ್ಲ, ಬಿಕ್ಕಳಿಕೆ ಇಲ್ಲ. ಒಳ್ಳೆಯ ಕಣ್ಣಿನಿಂದ ಹನಿಗಳು ನೇರವಾಗಿ ನೆಲಕ್ಕೆ ಬೀಳುತ್ತಿದ್ದವು. ಅತ್ತೆಯ ಪಾದ ಕಂಡದ್ದೇ ತಡ, ಅವಳು ಅಂಗೈಯಿಂದ ನೆಲ ಒರೆಸಿ, “ನೀರು ಚೆಲ್ಲಿಬಿಟ್ಟೆ ಅತ್ತೆ,” ಎಂದಳು.

ಅಯ್ಯೋ, ಆ ಒಂದು ಮಾತು! ಅಳುವುದಕ್ಕೂ ನನ್ನ ಮನೆಯಲ್ಲಿ ಈ ಹುಡುಗಿಗೆ ಹೆದರಿಕೆಯೇ? ಸೂಜಿಯಮ್ಮ ಲೋಟವನ್ನು ಅಲ್ಲೇ ಇಟ್ಟು ದಡದಡನೆ ಅಂಗಡಿಗೆ ಇಳಿದಳು. ನಾಟಕಮಂದಿರದ ಕುರ್ಚಿಗಳನ್ನು ಕಾಲಲ್ಲಿ ಒತ್ತಟ್ಟಿಗೆ ತಳ್ಳಿದಳು. ಹಳೆಯ ಬೆಂಚೊಂದರ ತುದಿಯಲ್ಲಿ ಮುಖ ಹಿಡಿಸುವಷ್ಟು ದೊಡ್ಡ ಕಿಂಡಿ ಕೊರೆಸಿ, ಸುತ್ತಲೂ ಗಟ್ಟಿ ಫೋಮು, ಅದರ ಮೇಲೆ ಮೆದು ಫೋಮು, ಅದರ ಮೇಲೆ ಎಷ್ಟೋ ಸಲ ಒಗೆದು ಬೆಣ್ಣೆಯಂತಾದ ತನ್ನದೇ ಹಳೆಯ ಹತ್ತಿ ಸೀರೆಯ ಹೊದಿಕೆ ಹಾಕಿದಳು. ಹಣೆಗೆ ಒತ್ತಬಾರದು, ಕೆನ್ನೆಗೆ ಒತ್ತಬಾರದು, ಕಣ್ಣಿಗಂತೂ ಏನೂ ತಾಕಲೇಬಾರದು. ತಾನೇ ಬೋರಲು ಮಲಗಿ ನೋಡಿದಳು. ಎದ್ದು ಬಿಚ್ಚಿದಳು, ಮತ್ತೆ ಹೊಲಿದಳು. ಕುರ್ಚಿಗಳನ್ನು ಕೇಳಿಕೊಂಡು ಬಂದ ನಾಟಕಮಂದಿರದ ಮ್ಯಾನೇಜರಿಗೆ, “ನಿಮ್ಮ ಜನ ಸ್ವಲ್ಪ ದಿನ ನಿಂತು ನಾಟಕ ನೋಡಲಿ, ಕಾಲು ಗಟ್ಟಿಯಾಗುತ್ತೆ!” ಎಂದು ಬಾಗಿಲಲ್ಲೇ ಹೇಳಿ ಕಳಿಸಿದಳು.

ಸಂಜೆಯ ಹೊತ್ತಿಗೆ ಬೆಂಚು ಮೇಲೆ ಬಂತು. ಸೊಸೆ ಅದರ ಮೇಲೆ ಮಲಗಿ ಕಿಂಡಿಯಲ್ಲಿ ಮುಖವಿಟ್ಟಳು. ಭುಜಗಳು ನಿಧಾನವಾಗಿ ಸಡಿಲಾದವು. “ಹಾ...” ಎಂಬ ಒಂದೇ ಒಂದು ಉದ್ಗಾರ ಹೊರಟಿತು.

“ಒತ್ತುತ್ತಾ? ಎಲ್ಲಿ ಒತ್ತುತ್ತೆ ಹೇಳು!”

ಸೂಜಿಯಮ್ಮನಿಗೆ ತಡೆಯಲಾಗಲಿಲ್ಲ. ಆ ವಯಸ್ಸಿನಲ್ಲಿ ಸೊಂಟ ಹಿಡಿದುಕೊಂಡು ನೆಲದ ಮೇಲೆ ಕುಳಿತು, ಆಮೇಲೆ ಅಂಗಾತ ಮಲಗಿ, ಬೆಂಚಿನ ಕೆಳಗೆ ತೆವಳಿದಳು. ಮೇಲೆ ಸೊಸೆಯ ಮುಖ, ಕೆಳಗೆ ಅತ್ತೆಯ ಮುಖ. ನಡುವೆ ಒಂದು ಮೊಳ ಜಾಗವೂ ಇಲ್ಲ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದವರು ಇಷ್ಟು ಹತ್ತಿರದಿಂದ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಕನ್ನಡಕವಿಲ್ಲದ ಸೊಸೆಯ ಮುಖ ಎಷ್ಟು ಎಳೆಯದು!

“ಅತ್ತೆ, ನಿಮ್ಮ ಗದ್ದದ ಮೇಲೆ ಒಂದು ಮಚ್ಚೆ ಇದೆ. ನನಗೆ ಗೊತ್ತೇ ಇರಲಿಲ್ಲ,” ಎಂದಳು ಅವಳು ಮೆಲ್ಲಗೆ.

“ಯಾಕೆ ಹಾಗೆ ಹೇಳಿದೆ?” ಸೂಜಿಯಮ್ಮ ಕೇಳಿದಳು. “ಆಸ್ಪತ್ರೆಯಲ್ಲಿ... ಅವನು ನಿನ್ನನ್ನ ಅಷ್ಟು ಬೈದ. ಯಾಕೆ ನನ್ನ ಹೆಸರು ಹೇಳಲಿಲ್ಲ?”

“ಹೇಳಿದ್ರೆ ಅವರು ಅವತ್ತೇ ನಿಮ್ಮನ್ನ ಬಿಟ್ಟು ಹೋಗ್ತಿದ್ರು. ನಾನು ಕಣ್ಣು ಕಳಕೊಂಡೆ ಅಂತ ನೀವು ಮಗನ್ನ ಕಳಕೋಬೇಕಾ?”

“ನನ್ನ ಮೇಲೆ ಕೋಪ ಇಲ್ವಾ ನಿನಗೆ?”

“ಇದೆ ಅತ್ತೆ. ತುಂಬಾ ಇದೆ.” ಅವಳ ಕಣ್ಣಿನಿಂದ ಒಂದು ಹನಿ ಜಾರಿ ಅತ್ತೆಯ ಕೆನ್ನೆಯ ಮೇಲೆ ಬಿತ್ತು. “ಸೋಡಾಬುಡ್ಡಿ ಅಂತ ಕೂಗಿದಾಗೆಲ್ಲ ಕೋಪ ಬರ್ತಿತ್ತು. ಪರದೆ ಇಳೀತಿದೆ ಅಂದಾಗ ನೀವು ತಲೆ ಎತ್ತಲೂ ಇಲ್ಲವಲ್ಲ... ಆ ಕೋಪ ಯಾವಾಗ ಹೋಗುತ್ತೋ ನನಗೆ ಗೊತ್ತಿಲ್ಲ. ಆದ್ರೆ ಅದು ನನ್ನ ನಿಮ್ಮ ನಡುವಿನದು. ಅವರನ್ನ ಯಾಕೆ ಎಳೀಲಿ?”

ಸೂಜಿಯಮ್ಮ ಆ ಹನಿಯನ್ನು ಒರೆಸಿಕೊಳ್ಳಲಿಲ್ಲ. ಅದರ ಜೊತೆಗೆ ಅವಳದೂ ಹರಿಯಿತು. ಅಂಗಾತ ಮಲಗಿದ್ದರಿಂದ ಕಿವಿಯೊಳಗೆಲ್ಲ ಹರಿಯಿತು. ಗಂಡ ಸತ್ತ ದಿನವೂ ಅವಳು ಹೀಗೆ ಅತ್ತಿರಲಿಲ್ಲ.

“ತಪ್ಪಾಯ್ತು ಮಗೂ... ನನ್ನಿಂದ ದೊಡ್ಡ ತಪ್ಪಾಯ್ತು...”

ಅಂದಿನಿಂದ ಸೂಜಿಯಮ್ಮನ ಚಾಪೆ ಬೆಂಚಿನ ಪಕ್ಕದಲ್ಲೇ ಬಿತ್ತು. ಕಣ್ಣಿಗೆ ಹನಿ ಔಷಧಿ ಬಿಡುವುದು, ತುತ್ತು ಮಾಡಿ ಕೊಡುವುದು, ಕತ್ತಿನ ಹಿಂದೆ ಬಿಸಿ ಬಟ್ಟೆ ಇಡುವುದು ಎಲ್ಲ ಅವಳದೇ. ಸೊಸೆಗೆ ಬೇಸರವಾದಾಗ ಚಾಪೆಯ ಮೇಲೆ ಅಂಗಾತ ಮಲಗಿ, ಗಿರಾಕಿಗಳ ಸೋಫಾದೊಳಗೆ ತನಗೆ ಸಿಕ್ಕಿದ ಬಾಚಣಿಗೆ, ಹಲ್ಲಿನ ಸೆಟ್ಟು, ಒಮ್ಮೆ ಸಿಕ್ಕಿದ ಒಂದು ಜೀವಂತ ಆಮೆಮರಿಯ ಕಥೆ ಹೇಳುತ್ತಿದ್ದಳು. ಸೊಸೆ ನಕ್ಕರೆ ಬೆಂಚು ಅಲುಗುತ್ತಿತ್ತು. “ನಗಬೇಡ, ಎಣ್ಣೆ ಕುಲುಕೀತು!” ಎಂದು ಇವಳು ಗದರಿದರೆ ಅವಳು ಇನ್ನಷ್ಟು ನಗುತ್ತಿದ್ದಳು. ಪಕ್ಕದ ಮನೆಯಾಕೆ ಒಂದು ದಿನ ಮೆಟ್ಟಿಲ ಬಳಿ ನಿಂತು, “ನಿನ್ನ ಸೊಸೆ ಕಣ್ಣಿಗೆ ಎಣ್ಣೆ ಹಾಕಿದ್ದಾರಂತೆ, ಹೌದೇನೇ?” ಎಂದು ರಾಗ ಎಳೆದಳು. “ಹೌದಂತೆ. ನಿನ್ನ ಬಾಯಿಗೂ ಸ್ವಲ್ಪ ಹಾಕಿಸ್ತೀನಿ ಬಾ, ಕಿರುಗುಟ್ಟೋದಾದ್ರೂ ನಿಲ್ಲುತ್ತೆ!” ಎಂದಳು ಸೂಜಿಯಮ್ಮ. ಸೂಜಿ ಎಲ್ಲೂ ಕಳೆದುಹೋಗಿರಲಿಲ್ಲ. ಚುಚ್ಚುವ ದಿಕ್ಕು ಮಾತ್ರ ಬದಲಾಗಿತ್ತು.

ಒಂದು ದಿನ ಮಗ ಬಸ್ಸಿನ ಕೆಲಸ ಮುಗಿಸಿ ಮನೆಗೆ ಬಂದ. ತಾಯಿ ಸೊಸೆಯ ಕೂದಲು ಬಾಚುತ್ತಿರುವುದನ್ನು ನೋಡಿ ಅವನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಖುಷಿಯಿಂದ ಹೆಂಡತಿಯ ಪಕ್ಕ ಕುಳಿತು ಹೇಳಿದ: “ನೋಡಿದೆಯಾ? ಅಮ್ಮ ಹೇಗೆ ನೋಡ್ಕೋತಿದ್ದಾರೆ! ನೀನು ಅವತ್ತೇ ಇವರಿಗೊಂದು ಮಾತು ಹೇಳಿದ್ದಿದ್ರೆ ಇಷ್ಟೆಲ್ಲ ಆಗ್ತಿತ್ತಾ? ನಿನ್ನ ಹಟದಿಂದ...”

ಸೂಜಿಯಮ್ಮನ ಕೈಯಲ್ಲಿನ ಬಾಚಣಿಗೆ ನಿಂತಿತು. ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಮಗ ಉಳಿಯುತ್ತಿದ್ದ, ಮನೆ ಉಳಿಯುತ್ತಿತ್ತು, ಎಲ್ಲವೂ ಉಳಿಯುತ್ತಿತ್ತು...

“ಅವಳು ಹೇಳಿದ್ದಳು ಕಣೋ.”

“ಏನು?”

“ನನಗೆ ಹೇಳಿದ್ದಳು. ಒಂದ್ಸಲ ಅಲ್ಲ, ಎರಡು ಸಲ. ನಾನೇ ಹೋಗಬೇಡ ಅಂದೆ. ಕೆಲಸ ತಪ್ಪಿಸೋಕೆ ನಾಟಕ ಅಂದೆ.”

“ಅತ್ತೆ, ಬೇಡ...” ಬೆಂಚಿನ ಕಿಂಡಿಯೊಳಗಿಂದ ಸೊಸೆಯ ದನಿ ಬಂತು.

ಮಗ ಎದ್ದು ನಿಂತ. ಮುಖ ಬಿಳಿಚಿಹೋಗಿತ್ತು. “ನಾನು ಅವಳನ್ನ ಬೈದೆ, ಅಮ್ಮ! ಅಷ್ಟು ಜನರ ಮುಂದೆ ಬೈದೆ! ನೀನು ಪಕ್ಕದಲ್ಲೇ ನಿಂತಿದ್ದೆ. ಕೇಳಿಸ್ಕೋತಾ ನಿಂತಿದ್ದೆ!”

“ನಿಂತಿದ್ದೆ.”

“ನನ್ನ ಹೆಂಡತಿ ಕಣ್ಣು... ನಿನಗೆ ನಾಲ್ಕು ಕುರ್ಚಿಗಿಂತ ಕಡೆಯಾಯ್ತಾ!”

ಅವನು ಗೋಡೆಗೆ ಕೈ ಗುದ್ದಿದ. ಸೊಸೆ ಏಳುವಂತಿರಲಿಲ್ಲ, ತಲೆ ಎತ್ತುವಂತೆಯೂ ಇರಲಿಲ್ಲ. ಬೋರಲು ಮಲಗಿದಲ್ಲಿಂದಲೇ ಕೈ ಚಾಚಿ ನೆಲದ ಮೇಲೆ ತಡಕಾಡಿ ಗಂಡನ ಪಾದ ಹಿಡಿದುಕೊಂಡಳು. “ರೀ, ಸಾಕು... ನನಗೋಸ್ಕರ ಸಾಕು ಮಾಡಿ...” ಅವನು ಕುಸಿದು ಕುಳಿತು ಅವಳ ಕೈಯನ್ನು ಮುಖಕ್ಕೊತ್ತಿಕೊಂಡು ಮಗುವಿನ ಹಾಗೆ ಅತ್ತ. “ನನ್ನನ್ನ ಕ್ಷಮಿಸು. ನಾನೂ ಏನೂ ಕೇಳಲಿಲ್ಲ. ಬೈದೆ ಅಷ್ಟೇ...”

ಅಳು ನಿಂತ ಮೇಲೆ ಅವನು ತಾಯಿಯ ಕಡೆ ನೋಡದೆಯೇ ಹೇಳಿದ: “ಎಣ್ಣೆ ತೆಗೆಸಿದ ಮೇಲೆ ನಾವು ಬೇರೆ ಮನೆ ಮಾಡ್ತೀವಿ.”

“ಮಾಡಿ,” ಎಂದಳು ಸೂಜಿಯಮ್ಮ. “ಅಲ್ಲಿವರೆಗೆ ಇವಳನ್ನ ನನ್ನ ಹತ್ತಿರ ಬಿಡು. ಅಷ್ಟು ಸಾಕು.”

ತಿಂಗಳುಗಳು ಉರುಳಿದವು. ಸೊಸೆಗೆ ತಲೆ ಎತ್ತಲು ಅನುಮತಿ ಸಿಕ್ಕಿತು. ಎಣ್ಣೆ ತುಂಬಿದ ಕಣ್ಣಿಗೆ ಲೋಕ ಕೊಳದ ತಳದಿಂದ ನೋಡಿದ ಹಾಗೆ ಕಲಸಿಕೊಂಡು ಕಾಣುತ್ತಿತ್ತು. ಕೊನೆಗೆ ಡಾಕ್ಟರ್, “ಕಣ್ಣಿನ ಒತ್ತಡ ಏರ್ತಾ ಇದೆ, ಇನ್ನು ಎಣ್ಣೆ ಇಡೋದು ಒಳ್ಳೇದಲ್ಲ. ತೆಗೆದಾಗ ಪೊರೆ ಮತ್ತೆ ಬಿಡಬಹುದು, ಆ ಭಯ ಇದ್ದೇ ಇದೆ,” ಎಂದರು. ಆಪರೇಷನ್ ಕೋಣೆಯ ಹೊರಗೆ ತಾಯಿ ಬೆಂಚಿನ ಒಂದು ತುದಿಯಲ್ಲಿ, ಮಗ ಇನ್ನೊಂದು ತುದಿಯಲ್ಲಿ ಕುಳಿತರು.

ಪೊರೆ ಬಿಡಲಿಲ್ಲ! ವಾರಗಳು ಕಳೆದರೂ ಬಿಡಲಿಲ್ಲ. ಆದರೆ ಎಡಗಣ್ಣು ಮುಚ್ಚಿ ಗೋಡೆಯ ಮೇಲಿನ ಅಕ್ಷರ ಓದಿಸಿದಾಗ, ಎಲ್ಲಕ್ಕಿಂತ ಮೇಲಿನ ಒಂದೇ ಒಂದು ದೊಡ್ಡ ಅಕ್ಷರ ಅವಳಿಗೆ ಕಂಡಿತು, ಅದೂ ಎದ್ದು ಹತ್ತಿರ ಹೋದ ಮೇಲೆ. “ಇಷ್ಟೇನಾ ಡಾಕ್ಟ್ರೇ?” ಎಂದಳು. “ಇದಕ್ಕಿಂತ ಹೆಚ್ಚು ಬರಲಾರದು,” ಎಂದರು ಡಾಕ್ಟರ್ ಅವಳ ಭುಜ ಮುಟ್ಟಿ. “ಕತ್ತಲೆ ಆಗಿಹೋಗಬೇಕಾಗಿದ್ದ ಕಣ್ಣು ಇದು. ಇಷ್ಟು ಉಳಿದಿದೆ.” ಅವಳು ತಲೆಯಾಡಿಸಿದಳು. ಗಂಡ ಒಂದು ಕೈ ಹಿಡಿದ. ಇನ್ನೊಂದು ಕೈಯನ್ನು ಅವಳೇ ಚಾಚಿ ಅತ್ತೆಯದನ್ನು ಹಿಡಿದುಕೊಂಡಳು.

ಮಗ ಆಡಿದ ಮಾತು ತಪ್ಪುವವನಲ್ಲ. ಊರಿನ ಇನ್ನೊಂದು ತುದಿಯಲ್ಲಿ ಸಣ್ಣ ಮನೆ ಹಿಡಿದ. ಸೂಜಿಯಮ್ಮ ತಾನೇ ಪಾತ್ರೆಪಡಗ ಕಟ್ಟಿಕೊಟ್ಟಳು, ಔಷಧಿಯ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು, ಸಾಮಾನು ತುಂಬಿದ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಳು. ಅತ್ತು ಕರೆದು ಯಾರನ್ನೂ ತಡೆಯಲಿಲ್ಲ. ಮೇಲೆ ಹೋಗಿ ಒಬ್ಬಳಿಗೇ ಅಡುಗೆ ಮಾಡಿದಳು. ಉಣ್ಣಲಾಗಲಿಲ್ಲ.

ಮರುದಿನ ಬೆಳಗ್ಗೆ ಅವಳು ಅಂಗಡಿಯ ಬಾಗಿಲೆತ್ತಿ ಬಟ್ಟೆ ಕತ್ತರಿಸುವ ಮೇಜಿನ ಧೂಳು ಹೊಡೆಯುತ್ತಿದ್ದಾಗ ಹೊರಗೆ ಸ್ಕೂಟರು ನಿಂತ ಸದ್ದಾಯಿತು.

“ಏನತ್ತೆ, ಇಷ್ಟು ಹೊತ್ತಾದ್ರೂ ಮಷಿನ್ ಸದ್ದೇ ಇಲ್ಲ? ಹೀಗಾದ್ರೆ ವ್ಯಾಪಾರ ನಡೆದ ಹಾಗೇ!”

ಸೊಸೆ! ಒಂದು ಕೈಯಲ್ಲಿ ಬುತ್ತಿ ಡಬ್ಬಿ. ಹೊಸ್ತಿಲ ಬಳಿ ಬಲಗಡೆ ಇದ್ದ ಸ್ಟೂಲು ಕಾಣದೆ ಮೊಣಕಾಲು ತಾಗಿಸಿಕೊಂಡು, “ಅಬ್ಬಾ!” ಎಂದು ನಕ್ಕಳು. ಸೂಜಿಯಮ್ಮ ಓಡಿಹೋಗಿ ಸ್ಟೂಲನ್ನು ಎತ್ತಿ ಮೂಲೆಗೆಸೆದಳು.

“ನೀನು... ನೀನ್ಯಾಕೆ ಬಂದೆ ಮಗೂ?”

“ಮನೆ ಬೇರೆ ಮಾಡಿದ್ದು ಅತ್ತೆ. ಕೆಲಸ ಬಿಡ್ತೀನಿ ಅಂತ ಯಾರು ಹೇಳಿದ್ರು? ಆದ್ರೆ ಕತ್ತರಿ ಇನ್ನು ನೀವೇ ಹಿಡೀಬೇಕು. ನಾನು ಮಷಿನ್ ಮೇಲೆ ಕೂರ್ತೀನಿ.”

ಮಗ ಸ್ಕೂಟರಿನಿಂದ ಇಳಿದಿರಲಿಲ್ಲ. ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು ರಸ್ತೆ ನೋಡುತ್ತಿದ್ದ. ಸೂಜಿಯಮ್ಮ ಬಾಗಿಲ ತನಕ ಹೋಗಿ ನಿಂತಳು. ಒಳಗೆ ಬಾ ಅನ್ನುವ ಧೈರ್ಯ ಅವಳಿಗಿರಲಿಲ್ಲ. ಅವನಿಗೆ ಹೊರಟುಹೋಗುವ ಮನಸ್ಸೂ ಇದ್ದಂತಿರಲಿಲ್ಲ. ಕೊನೆಗೆ ತಿರುಗದೆಯೇ ಹೇಳಿದ.

“ಸಂಜೆ ಕರಕೊಂಡು ಹೋಗೋಕೆ ಬರ್ತೀನಿ. ಭಾರ ಏನೂ ಎತ್ತೋಕೆ ಬಿಡಬೇಡ ಅವಳನ್ನ.”

“ಬಿಡಲ್ಲ ಕಣೋ... ಬಿಡಲ್ಲ.”

“ಬರೋ ಹೊತ್ತಿಗೆ ನನಗೂ ಒಂದು ಲೋಟ ಕಾಫಿ ಇಟ್ಟಿರು.”

ಸ್ಕೂಟರು ಹೊರಟಿತು. ಸೂಜಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು. ಸೊಸೆ ಆಗಲೇ ಮಷಿನ್ ಮುಂದೆ ಕುಳಿತು, ಸೂಜಿಯ ಕಣ್ಣಿಗೆ ದಾರ ಪೋಣಿಸಲು ಮುಖವನ್ನು ತೀರ ಹತ್ತಿರ ತಂದು ಹೆಣಗುತ್ತಿದ್ದಳು. ಒಂದೇ ಕಣ್ಣಿಗೆ ಸೂಜಿಯ ದೂರ ಅಂದಾಜಾಗದೆ ದಾರ ಪ್ರತಿ ಸಲವೂ ಪಕ್ಕಕ್ಕೆ ಹೋಗುತ್ತಿತ್ತು. ಅತ್ತೆ ಕೈ ಚಾಚಿದಳು.

“ಕೊಡು, ನಾನು ಪೋಣಿಸ್ತೀನಿ.”

“ಇರಿ ಅತ್ತೆ. ಇನ್ನೊಂದ್ಸಲ ನೋಡ್ತೀನಿ.”

ಸೂಜಿಯಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಪಕ್ಕದಲ್ಲಿ ಕುಳಿತು, ಉಸಿರು ಬಿಗಿಹಿಡಿದು ಕಾದಳು.